ಜ್ಞಾನವೂ ಬೇಕು, ಜೊತೆಯೂ ಬೇಕು

(ಪದುವಾದ ಸಂತ ಅಂತೋಣಿಯವರ ಹಬ್ಬದಂದು ನೀಡಿದ ಪ್ರಬೋಧನೆ)



ಒಂಬತ್ತು ದಿನಗಳ ನವೇನ ಮುಗಿಸಿ ಇಂದು ನಾವೆಲ್ಲರೂ ಸಂತ ಅಂತೋಣಿಯವರ ಹಬ್ಬದ ಬಲಿಪೂಜೆಗೆ ಬಂದು ಸೇರಿದ್ದೇವೆ. ಚಿಕ್ಕಬಳ್ಳಾಪುರದವರಿದ್ದೀರಿ, ಗೌರಿಬಿದನೂರಿನವರಿದ್ದೀರಿ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರೂ ಇದ್ದೀರಿ. ಬೆಳಗಿನ ಜಾವವೇ ಎದ್ದು ಹುಳುಮನೆಯಲ್ಲಿ ಸೊಪ್ಪು ಹಾಕಿ ಬಂದವರಿದ್ದೀರಿ. ಮಾರುಕಟ್ಟೆಗೆ ಟೊಮೆಟೊ ಕಳಿಸಿ, ಕೈಕಾಲು ತೊಳೆದುಕೊಂಡು ಹಾಗೆಯೇ ಬಸ್ಸು ಹತ್ತಿದವರೂ ಇದ್ದೀರಿ.

ನವೇನದ ದಿನಗಳಲ್ಲಿ ಸ್ವರೂಪದ ಮುಂದಿಟ್ಟಿದ್ದ ಪೆಟ್ಟಿಗೆಗೆ ನೀವು ನಿಮ್ಮ ಕೋರಿಕೆಗಳನ್ನು ಬರೆದು ಹಾಕಿದ್ದಿರಿ. ಕಳೆದುಹೋದ ವಸ್ತು ಸಿಗಲೆಂದು, ಕಾಯಿಲೆ ವಾಸಿಯಾಗಲೆಂದು, ಮದುವೆ ಕೂಡಿಬರಲೆಂದು ಬೇಡಿಕೊಳ್ಳುವುದು ಎಲ್ಲ ವರ್ಷಗಳಲ್ಲೂ ಇದ್ದದ್ದೇ. ಜೂನ್ ತಿಂಗಳಾದ್ದರಿಂದ ಕಾಲೇಜಿನ ಸೀಟಿಗಾಗಿ ಬರೆದ ಚೀಟಿಗಳೂ ಬಹಳ ಇದ್ದವು. ಅವುಗಳಲ್ಲಿ ಎರಡು ಚೀಟಿಗಳು ನಮ್ಮ ಕೈಯಲ್ಲಿಯೇ ಉಳಿದುಬಿಟ್ಟವು. ಒಂದರಲ್ಲಿ ಯಾರೋ ತಂದೆ, ತಮ್ಮ ಮಗಳಿಗೆ ಊರಿನ ಹತ್ತಿರವೇ ಓದುವ ಬುದ್ಧಿ ಬರಲಿ, ಸ್ನೇಹಿತೆಯರ ಮಾತು ಕೇಳಿ ಹಾಳಾಗದಿರಲಿ ಎಂದು ಬರೆದಿದ್ದರು. ಇನ್ನೊಂದರಲ್ಲಿ ಯಾವುದೋ ಹುಡುಗಿ, ಅಪ್ಪನ ಮನಸ್ಸು ಕರಗಲಿ, ನನ್ನನ್ನು ಬೆಂಗಳೂರಿಗೆ ಕಳಿಸಲಿ, ನಾಲ್ಕು ಜನರ ಜೊತೆ ಬೆರೆತು ಓದುವ ಭಾಗ್ಯ ನನಗೂ ಸಿಗಲಿ ಎಂದು ಬರೆದಿದ್ದಳು. ಎರಡೂ ಒಂದೇ ಮನೆಯಿಂದ ಬಂದವೋ, ಎರಡು ಬೇರೆ ಮನೆಗಳಿಂದ ಬಂದವೋ ನಮಗೆ ತಿಳಿಯದು. ಸಂತ ಅಂತೋಣಿಯವರಿಗೆ ತಿಳಿದಿರಬೇಕು. ಪಾಪ, ಅವರು ಯಾರ ಮಾತು ನಡೆಸಿಕೊಡಬೇಕು, ನೀವೇ ಹೇಳಿ!

ನಗಬೇಡಿ. ಇದು ಬಹುಪಾಲು ಎಲ್ಲ ಮನೆಗಳಲ್ಲೂ ನಡೆಯುತ್ತಿರುವ ಜಗಳ. ಪಿಯುಸಿ ಫಲಿತಾಂಶ ಬಂದ ದಿನದಿಂದ ಊಟದ ಹೊತ್ತಿಗೆ ಇದೇ ಮಾತು. ತಂದೆತಾಯಿಗಳು, 'ಓದು ಚೆನ್ನಾಗಿರುವ ಕಾಲೇಜು ನೋಡು, ಮಿಕ್ಕದ್ದೆಲ್ಲ ಆಮೇಲೆ' ಎನ್ನುತ್ತಾರೆ. ಮಕ್ಕಳು, 'ಅಲ್ಲಿ ಕ್ಯಾಂಪಸ್ ಚೆನ್ನಾಗಿಲ್ಲ, ಫೆಸ್ಟ್ ಇಲ್ಲ, ಕ್ಲಬ್ ಇಲ್ಲ, ಅಲ್ಲಿ ಹೇಗಿರುವುದು?' ಎನ್ನುತ್ತಾರೆ. ಒಬ್ಬರಿಗೆ ಅಂಕಪಟ್ಟಿಯ ಚಿಂತೆ, ಮತ್ತೊಬ್ಬರಿಗೆ ಒಂಟಿತನದ ಅಂಜಿಕೆ. ಕೊನೆಗೆ ಯಾರ ದನಿ ಜೋರಾಗಿದೆಯೋ ಅವರು ಗೆಲ್ಲುತ್ತಾರೆ. ಗೆದ್ದವರೂ ಸೋತವರೂ ಮೂರು ವರ್ಷ ಮುಖ ಊದಿಸಿಕೊಂಡಿರುತ್ತಾರೆ.

ಪ್ರಿಯರೇ, ಇಂದು ನಾವು ಹಬ್ಬ ಆಚರಿಸುತ್ತಿರುವ ಸಂತರೇ ಹದಿಹರೆಯದಲ್ಲಿ ಈ ಪ್ರಶ್ನೆಯನ್ನು ಎದುರಿಸಿದವರು. ಇದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಅಂತೋಣಿಯವರು 1195ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಹುಟ್ಟಿದರು. ಆಗ ಅವರ ಹೆಸರು ಫೆರ್ನಾಂಡೊ. ಹುಡುಗನಾಗಿದ್ದಾಗಲೇ ಅಗಸ್ಟೀನರ ಸಭೆಗೆ ಸೇರಿ, ಲಿಸ್ಬನ್‌ನಲ್ಲೇ ಇದ್ದ ಮಠದಲ್ಲಿ ಓದತೊಡಗಿದರು. ಮಠವೇನೋ ಒಳ್ಳೆಯದೇ. ಆದರೆ ಹುಟ್ಟೂರಿನ ಹತ್ತಿರವೇ ಇದ್ದುದರಿಂದ ಗೆಳೆಯರು, ನೆಂಟರಿಷ್ಟರು ಮೇಲಿಂದ ಮೇಲೆ ನೋಡಲು ಬರುತ್ತಿದ್ದರು. ಬಂದವರು ಹರಟೆಗೆ ಕುಳಿತರೆ ಓದೂ ನಿಲ್ಲುತ್ತಿತ್ತು, ಪ್ರಾರ್ಥನೆಯೂ ನಿಲ್ಲುತ್ತಿತ್ತು. ಫೆರ್ನಾಂಡೊ ಯಾರನ್ನೂ ಬಯ್ಯಲಿಲ್ಲ. ಹಿರಿಯರ ಅನುಮತಿ ಕೇಳಿ, ದೂರದ ಕೊಯಿಂಬ್ರಾ ನಗರದ ಮಠಕ್ಕೆ ಹೋದರು. ಅಲ್ಲಿ ಹಲವು ವರ್ಷ ಪವಿತ್ರಗ್ರಂಥವನ್ನೂ ದೈವಶಾಸ್ತ್ರವನ್ನೂ ಆಳವಾಗಿ ಓದಿದರು. ಇಂದು ಅವರನ್ನು ಧರ್ಮಸಭೆಯ ಪಂಡಿತರೆಂದು ಗೌರವಿಸುತ್ತೇವೆ. 1946ರಲ್ಲಿ ಪೋಪ್ 12ನೇ ಪಿಯುಸ್‌ರವರು ಆ ಬಿರುದು ನೀಡಿದರು. ಆ ಪಾಂಡಿತ್ಯಕ್ಕೆ ತಳಹದಿ ಬಿದ್ದದ್ದು ಕೊಯಿಂಬ್ರಾದ ಆ ವರ್ಷಗಳಲ್ಲಿ.

'ನೋಡಿದಿರಾ ಸ್ವಾಮಿ, ಗೆಳೆಯರನ್ನು ಬಿಟ್ಟರೇನೇ ವಿದ್ಯೆ' ಎಂದು ತಂದೆಯವರು ತಲೆಯಾಡಿಸುತ್ತಿರಬಹುದು. ಸ್ವಲ್ಪ ತಾಳಿ. ಕಥೆ ಇನ್ನೂ ಮುಗಿದಿಲ್ಲ.

1220ರಲ್ಲಿ ಮೊರಾಕ್ಕೊ ದೇಶದಲ್ಲಿ ಕ್ರಿಸ್ತನಿಗಾಗಿ ಪ್ರಾಣ ಕೊಟ್ಟ ಐವರು ಫ್ರಾನ್ಸಿಸ್ಕನ್ ಸಹೋದರರ ಪವಿತ್ರ ಅವಶೇಷಗಳು ಕೊಯಿಂಬ್ರಾಗೆ ಬಂದವು. ಅದನ್ನು ಕಂಡು ಫೆರ್ನಾಂಡೊ ಅವರ ಹೃದಯ ಉರಿಯಿತು. ಒಳ್ಳೆಯ ಗ್ರಂಥಾಲಯವಿದ್ದ ಆ ದೊಡ್ಡ ಮಠವನ್ನು ಬಿಟ್ಟು, ಭಿಕ್ಷೆ ಬೇಡಿ ಉಣ್ಣುವ ಬಡ ಸಹೋದರರ ಜೊತೆ ಸೇರಿಕೊಂಡು ಅಂತೋಣಿ ಎಂಬ ಹೆಸರು ಪಡೆದರು. ಒಮ್ಮೆ ಓದಿಗಾಗಿ ಗೆಳೆಯರಿಂದ ದೂರ ಹೋದವರು, ಇನ್ನೊಮ್ಮೆ ಒಳ್ಳೆಯ ಜೊತೆಗಾಗಿ ಓದಿನ ಮನೆಯಿಂದ ಹೊರಗೆ ಬಂದರು. ಆಗ ವಿದ್ಯೆ ಹಾಳಾಯಿತೇ? ಇಲ್ಲ. ಮುಂದೆ ಆ ಸಹೋದರರಿಗೇ ದೈವಶಾಸ್ತ್ರ ಕಲಿಸುವ ಕೆಲಸ ಅವರ ಪಾಲಿಗೆ ಬಂತು. ಅಸ್ಸಿಸಿಯ ಸಂತ ಫ್ರಾನ್ಸಿಸ್‌ರವರು ಅದಕ್ಕೆ ಒಪ್ಪಿಗೆ ಕೊಟ್ಟು ಒಂದು ಪುಟ್ಟ ಪತ್ರ ಬರೆದರು. ನೀವು ಸಹೋದರರಿಗೆ ಕಲಿಸುವುದು ನಮಗೆ ಸಂತೋಷ, ಆದರೆ ಆ ಓದಿನ ಭರದಲ್ಲಿ ಪ್ರಾರ್ಥನೆಯ ಚೇತನ ಆರಿಹೋಗದಂತೆ ನೋಡಿಕೊಳ್ಳಿ ಎಂಬುದು ಆ ಪತ್ರದ ಸಾರ. ಓದಬೇಡ ಎನ್ನಲಿಲ್ಲ, ಓದೊಂದೇ ಸಾಕು ಎಂದೂ ಹೇಳಲಿಲ್ಲ. ಕಾಲೇಜಿಗೆ ಹೊರಟ ಮಗುವಿಗೆ ಒಬ್ಬ ತಂದೆ ಬರೆಯಬಹುದಾದ ಪತ್ರ ಇದಕ್ಕಿಂತ ಬೇರೆ ಇನ್ನೇನಿದೆ?

ಇದೇ ತಿಂಗಳ ಆಸುಪಾಸಿನಲ್ಲಿ ಬರುವ ಮಾತೆ ಮರಿಯಮ್ಮನವರ ನಿಷ್ಕಳಂಕ ಹೃದಯದ ಸ್ಮರಣೆಯಂದು ನಾವು ಓದುವ ಶುಭಸಂದೇಶವನ್ನು ನೆನಪಿಗೆ ತಂದುಕೊಳ್ಳಿ. ಹನ್ನೆರಡು ವರ್ಷದ ಬಾಲ ಯೇಸು ಜೆರುಸಲೇಮಿನಲ್ಲಿ ಹಿಂದೆ ಉಳಿದ ಪ್ರಸಂಗ ಅದು. ಹಬ್ಬ ಮುಗಿಸಿ ಎಲ್ಲರೂ ಊರಿಗೆ ಹೊರಟರು. ಮಗ ಬಂಧುಬಳಗದವರ ಗುಂಪಿನಲ್ಲಿ ಎಲ್ಲೋ ಇರುತ್ತಾನೆ ಎಂದುಕೊಂಡು ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ನಡೆದುಬಿಟ್ಟರು. ಇಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು, ಯೇಸುಸ್ವಾಮಿಗೆ ಒಂದು ಬಳಗವಿತ್ತು. ನೆಂಟರು, ಪರಿಚಯದವರು, ಓರಗೆಯ ಮಕ್ಕಳ ಜೊತೆ ಅವರು ಎಷ್ಟು ಬೆರೆಯುತ್ತಿದ್ದರೆಂದರೆ, ಇಡೀ ದಿನ ಕಣ್ಣಿಗೆ ಬೀಳದಿದ್ದರೂ ತಾಯಿಗೆ ಗಾಬರಿಯಾಗಲಿಲ್ಲ. ಎರಡನೆಯದು, ಮೂರನೆಯ ದಿನ ಅವರು ಸಿಕ್ಕಿದ್ದು ದೇವಾಲಯದಲ್ಲಿ, ಗುರುಗಳ ನಡುವೆ. ಅಲ್ಲಿ ಅವರು ಬಾಯಿಪಾಠ ಒಪ್ಪಿಸುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದರು, ತಿರುಗಿ ಪ್ರಶ್ನೆ ಕೇಳುತ್ತಿದ್ದರು. ಆ ಪ್ರಸಂಗದ ಕೊನೆಯಲ್ಲಿ ಸಂತ ಲೂಕರು, ಆ ಬಾಲಕನು ಜ್ಞಾನದಲ್ಲಿಯೂ ದೇಹದಲ್ಲಿಯೂ ಬೆಳೆದನು, ದೇವರ ಮೆಚ್ಚುಗೆಯನ್ನೂ ಜನರ ಮೆಚ್ಚುಗೆಯನ್ನೂ ಗಳಿಸಿದನು ಎಂಬ ಅರ್ಥದಲ್ಲಿ ಬರೆದಿದ್ದಾರೆ. ಜ್ಞಾನ, ಆರೋಗ್ಯ, ದೇವರು, ಜನ, ಈ ನಾಲ್ಕರಲ್ಲಿ ಒಂದನ್ನೂ ಅವರು ಬಿಡಲಿಲ್ಲ. ನಾವೋ, ನಮ್ಮ ಮಕ್ಕಳಿಗೆ ಒಂದನ್ನೇ ಆರಿಸಿಕೋ ಎನ್ನುತ್ತೇವೆ!

ಇಲ್ಲಿ ನಮ್ಮದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ರೇಷ್ಮೆ ಬೆಳೆಯುವ ಒಬ್ಬ ತಂದೆ ಮಗನನ್ನು ಕರೆದುಕೊಂಡು ನಮ್ಮ ಬಳಿ ಬಂದರು. ಹುಡುಗ ಜಾಣ. ಗಾನವೃಂದದಲ್ಲಿ ಚೆನ್ನಾಗಿ ಹಾಡುತ್ತಿದ್ದ, ತಬಲಾ ಬಾರಿಸುತ್ತಿದ್ದ. 'ಫಾದರ್, ಇವನು ಸ್ನೇಹಿತರು ಸ್ನೇಹಿತರು ಅಂತ ಸಮಯ ಕಳೀತಾನೆ. ಎಲ್ಲಿಗೆ ಸೇರಿಸಲಿ?' ಎಂದು ಕೇಳಿದರು. ನಾವು ಹೆಚ್ಚು ಯೋಚಿಸದೆ, ಶಿಸ್ತಿಗೆ ಹೆಸರಾದ ಒಂದು ದೂರದ ವಸತಿ ಕಾಲೇಜನ್ನು ಹೇಳಿದೆವು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದರವರೆಗೆ ಓದು. ಹಬ್ಬಕ್ಕೂ ರಜೆಯಿಲ್ಲ, ಆಟವಿಲ್ಲ, ಹಾಡಿಲ್ಲ, ಭಾನುವಾರವೂ ಪರೀಕ್ಷೆ. ಹುಡುಗ ನಮ್ಮ ಮುಖವನ್ನೇ ನೋಡಿದ, ಏನೂ ಹೇಳಲಿಲ್ಲ. ಅವನ ಅಭಿಪ್ರಾಯವೇನೆಂದು ನಾವೂ ಕೇಳಲಿಲ್ಲ.

ಮೊದಲ ವರ್ಷ ಒಳ್ಳೆಯ ಅಂಕಗಳು ಬಂದವು. ತಂದೆ ಸಿಹಿ ಹಂಚಿದರು, ನಾವೂ ತಿಂದೆವು. ಎರಡನೆಯ ವರ್ಷದ ನಡುವೆ ಒಂದು ರಾತ್ರಿ ಕೊನೆಯ ಬಸ್ಸಿಗೆ ಅವನು ಟ್ರಂಕು ಹೊತ್ತು ಮನೆಗೆ ಬಂದ. ಮತ್ತೆ ಹೋಗಲಿಲ್ಲ. ತಿಂಗಳುಗಟ್ಟಲೆ ಯಾರ ಹತ್ತಿರವೂ ಮಾತಿಲ್ಲ, ಊಟ ಸೇರದು, ನಿದ್ದೆ ಬಾರದು. ಗುಡಿಯ ಮೂಲೆಯಲ್ಲಿದ್ದ ತಬಲಾ ಕಡೆಗೆ ತಿರುಗಿಯೂ ನೋಡಲಿಲ್ಲ. ಆ ತಾಯಿ ನಮಗೆ ಒಂದು ಮಾತು ಹೇಳಿದರು: 'ಸ್ವಾಮಿ, ಮಾರ್ಕ್ಸು ಬಂತು. ನನ್ನ ಮಗ ಬರಲಿಲ್ಲ.' ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ವೈದ್ಯರ ಸಲಹೆ, ಮನೆಯವರ ತಾಳ್ಮೆ, ಹಳೆಯ ಗೆಳೆಯರ ಒಡನಾಟದಿಂದ ಅವನು ಮೆಲ್ಲಮೆಲ್ಲನೆ ಚೇತರಿಸಿಕೊಂಡ. ಮರುವರ್ಷ ಊರಿನ ಸಮೀಪದ ಕಾಲೇಜಿಗೆ ಸೇರಿ ಪದವಿ ಮುಗಿಸಿದ, ಈಗ ದುಡಿಯುತ್ತಿದ್ದಾನೆ. ಆದರೆ ಆ ಎರಡು ವರ್ಷಗಳನ್ನು ಅವನಿಗೆ ಹಿಂದಿರುಗಿಸಿ ಕೊಡಲು ನಮ್ಮಿಂದಾಗದು. ಸಲಹೆ ಕೊಟ್ಟವರು ನಾವೇ.

ಹಾಗೆಂದು ಇನ್ನೊಂದು ಕಡೆಯನ್ನು ಮರೆಮಾಚುವುದೂ ಸರಿಯಲ್ಲ. ಬೆಂಗಳೂರಿನಲ್ಲಿ ಓದಲು ಹೋದ ಇನ್ನೊಬ್ಬ ಹುಡುಗನನ್ನೂ ನಾವು ಬಲ್ಲೆವು. ಅವನ ಕಾಲೇಜಿನಲ್ಲಿ ಸಂಭ್ರಮಕ್ಕೇನೂ ಕೊರತೆಯಿರಲಿಲ್ಲ. ಪ್ರತಿ ತಿಂಗಳೂ ಒಂದಲ್ಲ ಒಂದು ಕಾರ್ಯಕ್ರಮ, ಎಲ್ಲದರಲ್ಲೂ ಇವನೇ ಮುಂದು. ಗೆಳೆಯರ ಸರಿಸಮಕ್ಕೆ ಖರ್ಚು ಮಾಡಲು ಮನೆಯಲ್ಲಿ ಸುಳ್ಳು ಹೇಳಿ ಹಣ ತರಿಸಿಕೊಂಡ. ತಾಯಿ ಕಿವಿಯ ಓಲೆ ಅಡವಿಟ್ಟರು. ವರ್ಷ ಮುಗಿದಾಗ ಐದು ವಿಷಯಗಳು ಬಾಕಿ. ಅವನು ಕೆಟ್ಟ ಹುಡುಗನಲ್ಲ. ಹಿಂದಿನ ಸಾಲಿನ ಗೆಳೆಯರೆಲ್ಲರೂ ಅನುಕೂಲಸ್ಥರ ಮಕ್ಕಳು. ಅವರು ಬಿದ್ದರೂ ಕೆಳಗೆ ಹಾಸಿಗೆಯಿತ್ತು, ಇವನು ಬಿದ್ದದ್ದು ಬರಿನೆಲಕ್ಕೆ.

ಹಾಗಾದರೆ ಎಷ್ಟು ಓದು, ಎಷ್ಟು ಒಡನಾಟ? ತಕ್ಕಡಿಯಲ್ಲಿ ಇದಕ್ಕಿಷ್ಟು, ಅದಕ್ಕಿಷ್ಟು ಎಂದು ತೂಗಲು ಇದು ಅಂಗಡಿಯ ಸಾಮಾನಲ್ಲ. ನಮ್ಮ ಶಿಡ್ಲಘಟ್ಟದವರನ್ನು ಕೇಳೋಣ, ಅವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ರೇಷ್ಮೆಗೂಡಿನಿಂದ ಬರುವ ಎಳೆ ಕೂದಲಿಗಿಂತಲೂ ಸಣ್ಣದು. ಅದೊಂದರಿಂದಲೇ ಸೀರೆ ನೇಯಲಾಗದು. ಹಲವು ಗೂಡುಗಳ ಎಳೆಗಳನ್ನು ಒಟ್ಟಿಗೆ ಎಳೆದಾಗಲೇ ನೂಲಿಗೆ ಬಲ. ಇದು ಜೊತೆಯ ಮಹತ್ವ. ಆದರೆ ಗೂಡುಗಳನ್ನು ಸುಮ್ಮನೆ ಒಂದು ಬುಟ್ಟಿಗೆ ತುಂಬಿಟ್ಟರೆ ನೂಲಾಗುವುದೇ? ಬಿಸಿನೀರಿನಲ್ಲಿ ಬೇಯಬೇಕು, ಎಳೆ ಸಡಿಲಾಗಬೇಕು, ಎಲ್ಲವೂ ಒಂದೇ ಕಡೆಗೆ ಓಡಬೇಕು. ಇದು ಶ್ರಮ, ಇದು ಓದು. ಬೇಯದ ಗೂಡುಗಳು ಎಷ್ಟೇ ಹತ್ತಿರ ಕೂತರೂ ಬೇರೆ ಬೇರೆಯೇ. ಒಟ್ಟಿಗೆ ಬೆಂದವುಗಳದ್ದೇ ನೂಲು. ಕಾಲೇಜಿನ ಸ್ನೇಹವೂ ಹೀಗೆಯೇ. ಒಟ್ಟಿಗೆ ಪಾಠ ಕೇಳಿ, ಒಟ್ಟಿಗೆ ಪರೀಕ್ಷೆಗೆ ಓದಿ, ಒಬ್ಬರ ಕಷ್ಟಕ್ಕೆ ಮತ್ತೊಬ್ಬರು ನಿಂತವರ ಸ್ನೇಹ ಜೀವಮಾನ ಪೂರ್ತಿ ಬಾಳುತ್ತದೆ. ಬರೀ ಒಟ್ಟಿಗೆ ಖರ್ಚು ಮಾಡಿದವರ ಸ್ನೇಹ ಹಣ ಮುಗಿದ ದಿನವೇ ಮುಗಿಯುತ್ತದೆ. ಆದ್ದರಿಂದ ಓದು ಒಂದು ಕಡೆ, ಸ್ನೇಹ ಇನ್ನೊಂದು ಕಡೆ ಎಂದು ಎಳೆದಾಡುವುದನ್ನು ಬಿಡೋಣ. ಯಾವ ಕಾಲೇಜಿನಲ್ಲಿ ಓದೇ ಮಕ್ಕಳನ್ನು ಒಂದುಗೂಡಿಸುತ್ತದೆಯೋ, ಸ್ನೇಹವೇ ಅವರನ್ನು ಓದಿಗೆ ಕೂರಿಸುತ್ತದೆಯೋ, ಅದನ್ನು ಹುಡುಕೋಣ.

ಇಂತಹ ಬದುಕಿಗೆ ಉದಾಹರಣೆ ಬೇಕೆಂದರೆ ಗೌರಿಬಿದನೂರಿನವರು ದೂರ ಹೋಗಬೇಕಾಗಿಲ್ಲ. ಡಾ. ಎಚ್. ನರಸಿಂಹಯ್ಯನವರು ನಿಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ಅವರು ನಮ್ಮ ವಿಶ್ವಾಸದವರಲ್ಲ, ವಿಚಾರವಾದಿಯೆಂದೇ ಹೆಸರಾದವರು. ಆದರೂ ಅವರಿಂದ ನಾವು ಕಲಿಯುವುದು ಬೇಕಾದಷ್ಟಿದೆ. ಹೈಸ್ಕೂಲು ಓದಲು 1935ರಲ್ಲಿ ಊರಿನಿಂದ ಬೆಂಗಳೂರಿಗೆ, ಸುಮಾರು 85 ಕಿಲೋಮೀಟರ್ ದೂರ, ನಡೆದುಕೊಂಡೇ ಹೋದರು. ಬಸ್ಸಿಗೆ ಹಣವಿರಲಿಲ್ಲ. ಭೌತವಿಜ್ಞಾನ ಓದಿದರು, ನಡುವೆ 1942ರ ಚಳವಳಿಗೆ ಧುಮುಕಿ ಸೆರೆಮನೆಗೂ ಹೋಗಿಬಂದರು. ಮುಂದೆ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಆದರೂ ದಶಕಗಳ ಕಾಲ ಅವರು ವಾಸವಿದ್ದದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ, ವಿದ್ಯಾರ್ಥಿಗಳ ನಡುವೆ. ಅವರೇ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಸಂಗೀತ ನೃತ್ಯಗಳಿಗಾಗಿ ಲಲಿತಕಲಾ ಪರಿಷತ್ತನ್ನೂ ಕಟ್ಟಿದರು. ವಿಜ್ಞಾನದ ಉಪನ್ಯಾಸ ನಡೆಯುವಲ್ಲಿ ಹಾಡುಗಾರಿಕೆಯೂ ನಡೆಯಬೇಕೆಂದು ಕಂಡುಕೊಂಡವರು ಅವರು. ಹಾಗೆಯೇ ಹುಟ್ಟಿದ ತಾಲ್ಲೂಕನ್ನು ಮರೆಯದೆ ಗೌರಿಬಿದನೂರಿಗೆ ಕಾಲೇಜು ತಂದರು. ನಡೆದು ಹೋದ ಹುಡುಗ, ಹಿಂದೆ ಬರುವವರು ಅಷ್ಟು ದೂರ ನಡೆಯದಿರಲೆಂದು ದಾರಿ ಮಾಡಿಕೊಟ್ಟರು.

ಯುವಜನರೇ, ನಮ್ಮ ವಿಶ್ವಾಸದ ಕುಟುಂಬದಿಂದಲೂ ಒಬ್ಬರನ್ನು ನಿಮಗೆ ಪರಿಚಯಿಸುತ್ತೇವೆ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋರವರು ಇಬ್ಬರು ಯುವಕರನ್ನು ಸಂತರೆಂದು ಘೋಷಿಸಿದರು. ಕಂಪ್ಯೂಟರ್ ಬಲ್ಲ ಕಾರ್ಲೊ ಅಕುತಿಸ್ ನಿಮಗೆಲ್ಲ ಗೊತ್ತು. ಇನ್ನೊಬ್ಬರು ಇಟಲಿಯ ತೂರಿನ್ ನಗರದ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ. ಇಂಜಿನಿಯರಿಂಗ್ ವಿದ್ಯಾರ್ಥಿ. ಗಣಿ ಕಾರ್ಮಿಕರ ನಡುವೆ ದುಡಿಯಬೇಕೆಂದು ಗಣಿಗಾರಿಕೆಯ ವಿಷಯವನ್ನೇ ಆರಿಸಿಕೊಂಡಿದ್ದರು. ಓದು ಅವರಿಗೆ ಸುಲಭವಾಗಿ ಒಲಿಯಲಿಲ್ಲ, ಕಷ್ಟಪಟ್ಟೇ ಓದಿದರು. ಗೆಳೆಯ ಗೆಳತಿಯರ ತಂಡ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದರು, ತಮಾಷೆ ಮಾಡುತ್ತಿದ್ದರು, ಒಟ್ಟಿಗೆ ಜಪಸರ ಮಾಡುತ್ತಿದ್ದರು. ಅದೇ ಕೈಗಳಿಂದ ಬಡವರ ಮನೆಗಳಿಗೆ ಔಷಧ, ಬಟ್ಟೆ ಹೊತ್ತೊಯ್ಯುತ್ತಿದ್ದರು. 1925ರ ಜುಲೈ 4ರಂದು, 24ನೆಯ ವಯಸ್ಸಿನಲ್ಲಿ, ಪದವಿ ಕೈಗೆ ಬರುವ ಮುನ್ನವೇ ಪೋಲಿಯೋ ಕಾಯಿಲೆಯಿಂದ ತೀರಿಕೊಂಡರು. ಅಂತ್ಯಕ್ರಿಯೆಗೆ ತೂರಿನ್ನಿನ ಬಡವರು ಸಾಲುಗಟ್ಟಿ ಬಂದಾಗಲೇ ಹೆತ್ತವರಿಗೆ ತಮ್ಮ ಮಗ ಯಾರೆಂದು ತಿಳಿದದ್ದು. ನಂದಿಬೆಟ್ಟದ ತಪ್ಪಲಿನಲ್ಲಿ ಬೆಳೆದ ನಿಮಗೆ ಬೆಟ್ಟ ಹತ್ತುವ ಈ ಸಂತರು ತಕ್ಕ ಗೆಳೆಯರಲ್ಲವೇ?

ಈಗ ಕೆಲವು ವ್ಯವಹಾರದ ಮಾತುಗಳು. ಪೂಜಾಪೀಠದಿಂದ ಇದೆಲ್ಲ ಹೇಳಬೇಕೇ ಎಂದು ಕೆಲವರಿಗೆ ಅನಿಸಬಹುದು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ಹೆತ್ತವರೇ ಎಂದು ಬೋಧಿಸಿದೆ. ಆ ಜವಾಬ್ದಾರಿ ಹೊತ್ತವರಿಗೆ ನೆರವಾಗುವುದು ನಮ್ಮ ಕರ್ತವ್ಯ.

ಮೊದಲನೆಯದಾಗಿ, ಕಾಲೇಜನ್ನು ಕಣ್ಣಾರೆ ನೋಡದೆ ಹಣ ಕಟ್ಟಬೇಡಿ. ಫೆಸ್ಟ್ ನಡೆಯುವ ದಿನ ಹೋಗಬೇಡಿ, ಸಾಮಾನ್ಯ ದಿನವೊಂದರಲ್ಲಿ ಮಗುವಿನ ಜೊತೆಗೇ ಹೋಗಿ. ಗ್ರಂಥಾಲಯದ ಬಾಗಿಲು ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಒಳಗೆ ಯಾರಾದರೂ ಕೂತಿದ್ದಾರೆಯೇ ನೋಡಿ. ಮೈದಾನದಲ್ಲಿ ಆಡುವವರಿದ್ದಾರೆಯೇ ಅದನ್ನೂ ನೋಡಿ. ಗ್ರಂಥಾಲಯ ಖಾಲಿಯಿದ್ದು ಕ್ಯಾಂಟೀನ್ ತುಂಬಿದ್ದರೆ ಯೋಚಿಸಿ. ಮೈದಾನಕ್ಕೆ ಬೀಗ ಜಡಿದಿದ್ದರೂ ಯೋಚಿಸಿ.

ಎರಡನೆಯದಾಗಿ, ಕೇಳಬೇಕಾದ್ದನ್ನು ನಾಚಿಕೆಯಿಲ್ಲದೆ ಕೇಳಿ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ? ನ್ಯಾಕ್ ಮಾನ್ಯತೆ ಇದೆಯೇ? ಈ ವಿಷಯಕ್ಕೆ ಕಾಯಂ ಅಧ್ಯಾಪಕರೆಷ್ಟು? ಆಮೇಲೆ ಅಲ್ಲೇ ಎರಡನೇ ವರ್ಷದಲ್ಲಿ ಓದುತ್ತಿರುವ ಮಕ್ಕಳನ್ನು ಮಾತಾಡಿಸಿ. ಜಾಹೀರಾತು ಹೇಳದ ಸತ್ಯವನ್ನು ಅವರು ಹೇಳುತ್ತಾರೆ. ರಾಷ್ಟ್ರೀಯ ಸೇವಾ ಯೋಜನೆ, ಎನ್‌ಸಿಸಿ, ನಾಟಕ, ಸಂಗೀತ, ಕ್ರೀಡೆ, ಇವು ಹೆಸರಿಗಷ್ಟೇ ಇವೆಯೇ ಅಥವಾ ನಡೆಯುತ್ತವೆಯೇ ವಿಚಾರಿಸಿ. ನಮ್ಮ ಕಥೋಲಿಕ ವಿದ್ಯಾರ್ಥಿಗಳ ಸಂಘಟನೆ ಐಕಫ್ 1924ರಲ್ಲಿ ಆರಂಭವಾಗಿ ನೂರು ವರ್ಷ ಪೂರೈಸಿದೆ. ಅದರ ಘಟಕ ಅಲ್ಲಿದ್ದರೆ ಮೊದಲ ದಿನವೇ ಗೆಳೆಯರು ಸಿಕ್ಕಂತೆ.

ಮೂರನೆಯದಾಗಿ, ದಾರಿಯ ಲೆಕ್ಕ ಹಾಕಿ. ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ದಿನವೂ ಬೆಂಗಳೂರಿಗೆ ಓಡಾಡಿದರೆ ಹೋಗಿಬರಲು ನಾಲ್ಕೈದು ಗಂಟೆ ಹಿಡಿಯುತ್ತದೆ. ವಾರಕ್ಕೆ ಆರು ದಿನವೆಂದರೆ 24ರಿಂದ 30 ಗಂಟೆ. ಅಷ್ಟು ಹೊತ್ತು ಬಸ್ಸು ರೈಲುಗಳಲ್ಲಿ ನಿಂತು ಬಂದ ಮಗುವಿಗೆ ಓದಲೂ ಶಕ್ತಿಯಿರದು, ಗೆಳೆಯರ ಜೊತೆ ಕೂರಲೂ ಸಮಯವಿರದು. ಎರಡೂ ಹೋಗುತ್ತವೆ. ಅದಕ್ಕಿಂತ ಒಳ್ಳೆಯ ಹಾಸ್ಟೆಲ್ ಅಥವಾ ಹತ್ತಿರದ ಕಾಲೇಜು ಮೇಲು. ಊರಿನ ಕಾಲೇಜೆಂದರೆ ಕೀಳೆಂಬ ಭಾವನೆ ಬೇಡ. ನಮ್ಮ ತಾಲ್ಲೂಕುಗಳಲ್ಲೇ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಚಿಂತಾಮಣಿಯ ಬಳಿ ಕುರುಬೂರಿನಲ್ಲಿ ರೇಷ್ಮೆ ಮತ್ತು ಕೃಷಿ ಕಲಿಸುವ ಕಾಲೇಜಿದೆ, ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, 2021ರಿಂದ ಸರಕಾರಿ ವೈದ್ಯಕೀಯ ಕಾಲೇಜೂ ಇದೆ.

ನಾಲ್ಕನೆಯದಾಗಿ, ಭಾಷೆಯ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ತೆಲುಗು ಅಥವಾ ತಮಿಳು, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಹೋದರೆ ಎಲ್ಲವೂ ಇಂಗ್ಲಿಷ್. ಹಳ್ಳಿಯಿಂದ ಹೋದ ಮಗು ಮೊದಲ ಆರು ತಿಂಗಳು ಬಾಯಿ ಬಿಡಲು ಹೆದರಿ ಒಂಟಿಯಾಗುತ್ತದೆ. ಪಾಠವೂ ಅರ್ಥವಾಗದು, ಗೆಳೆಯರೂ ಆಗರು. ಅಂತಹವರಿಗೆ ಕಾಲೇಜಿನಲ್ಲಿ ವಿಶೇಷ ತರಗತಿ ಇದೆಯೇ ಕೇಳಿ. ಒಬ್ಬಿಬ್ಬರು ನಮ್ಮ ಕಡೆಯ ಮಕ್ಕಳಾದರೂ ಅಲ್ಲಿರುವಂತೆ ನೋಡಿ.

ಐದನೆಯದಾಗಿ, ಹಕ್ಕುಗಳನ್ನು ತಿಳಿದಿರಿ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲೇ ನಿಯಮ ತಂದಿದೆ. ಎಲ್ಲ ಕಾಲೇಜುಗಳಲ್ಲೂ ಅದಕ್ಕೊಂದು ಸಮಿತಿ ಇರಲೇಬೇಕು. ದೂರು ಕೊಡಲು 1800-180-5522 ಎಂಬ ಉಚಿತ ಸಂಖ್ಯೆಯಿದೆ. ಮಕ್ಕಳ ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ತಮ್ಮಲ್ಲೇ ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲಿ ಹೇಳಿದೆ. ಮಗು ತಪ್ಪು ಕಾಲೇಜಿಗೆ ಸೇರಿದ್ದರೆ ಹೊರಗೆ ಬರುವ ಬಾಗಿಲು ತೆರೆದಿರಲಿ.

ಕೊನೆಯದಾಗಿ ಹೆಣ್ಣುಮಕ್ಕಳ ಮಾತು. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಬಸ್ಸಿನ ಬಾಗಿಲು ತೆರೆಯಿತು, ಮನೆಯ ಬಾಗಿಲು ಇನ್ನೂ ತೆರೆದಿಲ್ಲ! ಮಗ ಸ್ನೇಹಿತರ ಜೊತೆ ತಿರುಗಿದರೆ 'ಹುಡುಗ, ಇರಲಿ ಬಿಡಿ' ಎನ್ನುತ್ತೇವೆ. ಮಗಳು ಗೆಳತಿಯ ಮನೆಗೆ ಓದಲು ಹೋದರೆ ಹತ್ತು ಪ್ರಶ್ನೆ. ಭಯ ಸಹಜ, ನಾವು ಅಲ್ಲಗಳೆಯುವುದಿಲ್ಲ. ಆದರೆ ಭಯವೇ ಕಾಲೇಜನ್ನು ಆರಿಸುವಂತಾಗಬಾರದು. ಹಾಸ್ಟೆಲ್ ನೋಡಿ, ವಾರ್ಡನ್ನರನ್ನು ಮಾತಾಡಿಸಿ, ಅವಳ ಗೆಳತಿಯರನ್ನು ಮನೆಗೆ ಊಟಕ್ಕೆ ಕರೆಯಿರಿ. ಮಕ್ಕಳ ಗೆಳೆಯರ ಹೆಸರು ಗೊತ್ತಿರುವ ಹೆತ್ತವರಿಗೆ ಅರ್ಧ ಭಯ ಕಡಿಮೆ.

ಮಕ್ಕಳೇ, ನಿಮಗೂ ಒಂದು ಮಾತು. ಸಂತೋಷವಾಗಿರಬೇಕೆಂಬ ನಿಮ್ಮ ಆಸೆ ತಪ್ಪಲ್ಲ, ಅದನ್ನು ಕೊಟ್ಟವರು ದೇವರೇ. ಆದರೆ ಅಪ್ಪ ಸಾಲ ಮಾಡಿ ಕಟ್ಟುವ ಫೀಸಿನಲ್ಲಿ ಅಮ್ಮನ ಕೂಲಿಯೂ ಸೇರಿದೆ ಎಂಬುದನ್ನು ಮರೆಯಬೇಡಿ. ನಿಮ್ಮ ಹೊಸ ಗೆಳೆಯರನ್ನು ಒಂದೇ ಪ್ರಶ್ನೆಯಿಂದ ಅಳೆಯಿರಿ: ಇವರ ಜೊತೆಗಿದ್ದು ಮನೆಗೆ ಬಂದಾಗ ನಾನು ಅಪ್ಪ ಅಮ್ಮನ ಮುಖ ನೋಡಿ ಮಾತಾಡಬಲ್ಲೆನೇ? ಮಾತಾಡಬಲ್ಲೆ ಎಂದರೆ ಆ ಗೆಳೆತನ ದೇವರ ವರ. ಕಣ್ಣು ತಪ್ಪಿಸುವಂತಾದರೆ ನಿಧಾನಿಸಿ. ಮನಸ್ಸಿಗೆ ಭಾರವಾದರೆ ಬಚ್ಚಿಡಬೇಡಿ, ಮನೆಗೆ ಹೇಳಿ. ಮನೆಗೆ ಹೇಳಲು ಕಷ್ಟವಾದರೆ ನಮ್ಮ ಗುರುನಿವಾಸದ ಬಾಗಿಲು ತಟ್ಟಿ. ಈ ಸಾರಿ ನಾವು ಮೊದಲು ನಿಮ್ಮ ಮಾತು ಕೇಳುತ್ತೇವೆ, ಸಲಹೆ ಆಮೇಲೆ.

ಹಬ್ಬದ ದಿನ ನಾವು ಅಂತೋಣಿಯವರ ರೊಟ್ಟಿಯನ್ನು ಆಶೀರ್ವದಿಸಿ ಹಂಚುತ್ತೇವೆ. ಅದು ಬಡವರ ಪಾಲು. ಈ ವರ್ಷ ಪಟಾಕಿ, ಧ್ವನಿವರ್ಧಕ, ದೀಪಾಲಂಕಾರಕ್ಕೆ ಇಡುವ ಹಣದಲ್ಲಿ ಒಂದು ಪಾಲನ್ನು ಉಳಿಸಿ, ನಮ್ಮ ಧರ್ಮಕೇಂದ್ರದ ಒಂದಿಬ್ಬರು ಮಕ್ಕಳ ಹಾಸ್ಟೆಲ್ ಖರ್ಚಿಗೆ ಕೊಟ್ಟರೆ ಹೇಗೆ? ಬಡ ಮಗುವಿಗೆ ಓದು, ಗೆಳೆಯರು, ಊಟ ಮೂರೂ ಒಂದೇ ಕಡೆ ಸಿಕ್ಕಂತಾಗುತ್ತದೆ. ಸಂತರಿಗೆ ಇದಕ್ಕಿಂತ ದೊಡ್ಡ ತೇರು ಬೇಕೇ?

ಪ್ರಿಯರೇ, ಮತ್ತೆ ಆ ಎರಡು ಚೀಟಿಗಳಿಗೆ ಬರುತ್ತೇವೆ. ಅವನ್ನು ನಾವು ಇಂದು ಬೆಳಿಗ್ಗೆ ಒಂದರ ಮೇಲೊಂದಿಟ್ಟು ಪೂಜಾಪೀಠದ ಮೇಲೆ ಇಟ್ಟೆವು. ಬರೆದ ತಂದೆ ಇಲ್ಲಿದ್ದರೆ, ಬರೆದ ಮಗಳೂ ಇಲ್ಲಿದ್ದರೆ, ನಿಮ್ಮಲ್ಲಿ ನಮ್ಮದು ಒಂದೇ ವಿನಂತಿ. ಸಂತ ಅಂತೋಣಿಯವರಿಗೆ ಬರೆದದ್ದನ್ನು ಇಂದು ರಾತ್ರಿ ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿ. ದೇವಾಲಯದಲ್ಲಿ ಮಗನನ್ನು ಕಂಡಾಗ ಮರಿಯಮ್ಮನವರು ಏಕೆ ಹೀಗೆ ಮಾಡಿದೆ ಎಂದು ಕೇಳಿದರು. ಮಗ ತನ್ನ ಮಾತು ಹೇಳಿದರು. ಅದು ಹೆತ್ತವರಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ತಾಯಿ ಅದೆಲ್ಲವನ್ನೂ ಹೃದಯದಲ್ಲಿಟ್ಟುಕೊಂಡರು, ಮಗ ಅವರ ಜೊತೆ ನಜರೇತಿಗೆ ಹಿಂದಿರುಗಿ ವಿಧೇಯನಾಗಿ ಬೆಳೆದರು. ಅರ್ಥವಾಗದಿದ್ದರೂ ಕೇಳಿಸಿಕೊಂಡ ಮನೆ ಅದು. ಅಂತಹ ಮನೆಯಿಂದ ಹೊರಟ ಮಗು ಯಾವ ಕಾಲೇಜಿಗೆ ಹೋದರೂ ಕಳೆದುಹೋಗುವುದಿಲ್ಲ.

ಕಳೆದುಹೋದುದನ್ನು ಹುಡುಕಿಕೊಡುವ ಸಂತ ಅಂತೋಣಿಯವರೇ, ಈ ನಾಲ್ಕು ತಾಲ್ಲೂಕುಗಳಿಂದ ಓದಲು ಹೊರಟಿರುವ ನಮ್ಮ ಮಕ್ಕಳನ್ನು ನಿಮ್ಮ ಕೈಗೊಪ್ಪಿಸುತ್ತೇವೆ. ಅವರಿಗೆ ಒಳ್ಳೆಯ ಗುರುಗಳು ಸಿಗಲಿ, ಒಳ್ಳೆಯ ಗೆಳೆಯರು ಸಿಗಲಿ. ಓದಿನಲ್ಲಿ ಪ್ರಾರ್ಥನೆಯ ದೀಪ ಆರದಿರಲಿ, ಸಂಭ್ರಮದಲ್ಲಿ ಮನೆಯ ನೆನಪು ಮಾಸದಿರಲಿ. ಪದವಿ ಹಿಡಿದು ಬರುವ ದಿನ ಅವರ ನಗುವೂ ಅವರ ಜೊತೆಗೇ ಬರಲಿ.

ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ, ಆಮೆನ್.